ಬಾಗಿಲ ಹೊರಗೊಂದು ಸ್ಟೂಲ್: ಐಸೊಲೇಷನ್‌ನ ನನ್ನ ಅನುಭವ

2021ರ ಮೇ 6, ಗುರುವಾರ ಸಂಜೆ ಮೈಕೈ ನೋವು ಶುರುವಾಯಿತು. ರಾತ್ರಿಗೆ 101 ಜ್ವರ. ಕೊರೊನಾ ಎರಡನೇ ಅಲೆ ಜೋರಾಗಿದ್ದ ಸಮಯ. ಮೈಸೂರಿನ ನಮ್ಮ ಬೀದಿಯಲ್ಲೇ ನಾಲ್ಕು ಮನೆಗೆ ಬಂದಿತ್ತು. ನಮ್ಮನೆಯಲ್ಲಿ ಶುಗರ್ ಇರುವ ಅತ್ತೆ, ಆರು ವರ್ಷದ ಮಗಳು. ರಿಪೋರ್ಟ್ ಬರಲಿ ಅಂತ ಕಾಯಲಿಲ್ಲ. ಅವತ್ತೇ ದಿಂಬು, ಹೊದಿಕೆ ಎತ್ತಿಕೊಂಡು ಬಾತ್‌ರೂಮ್ ಇರುವ ಹಿಂದಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಹತ್ತು ದಿನದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅದೇ. ಪಾಸಿಟಿವ್ ಅಂತ ಗೊತ್ತಾಗಿದ್ದು ಮೂರನೇ ದಿನ. ಅಷ್ಟು ಹೊತ್ತು ಹೊರಗಿದ್ದಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಿತ್ತಿಲ ಕಡೆಯ ಕಿಟಕಿ ಹಗಲೂ ರಾತ್ರಿ ತೆರೆದೇ ಇರುತ್ತಿತ್ತು. ಬಾಗಿಲ ಹೊರಗೆ ಒಂದು ಸ್ಟೂಲ್. ನಮ್ಮನೆಯವರು ಊಟ ತಂದಿಟ್ಟು ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನು ನೂರು ಎಣಿಸಿ, ಮಾಸ್ಕ್ ಹಾಕಿಕೊಂಡು ಬಾಗಿಲು ತೆಗೆಯುತ್ತಿದ್ದೆ. ಮೇ 10ರಿಂದ ಲಾಕ್‌ಡೌನ್ ಬಿಗಿಯಾಗಿ, ದಿನಸಿ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಅವರು ಓಡಿಹೋಗಿ ಮುತ್ತುಗದ ಎಲೆ, ದೊನ್ನೆಯ ಕಟ್ಟು ತಂದರು. ಉಂಡ ಎಲೆಯೆಲ್ಲ ಒಳಗಿನ ಕವರಿಗೇ. ತಟ್ಟೆ ತೊಳೆಯುವ ರಗಳೆಯೇ ಇರಲಿಲ್ಲ. ಅತ್ತೆ ಮಾಡಿದ ಮೆಣಸಿನ ಸಾರಿನ ಹಬೆ ಮುಖಕ್ಕೆ ಬಡಿಯುತ್ತಿತ್ತು, ವಾಸನೆ ಮಾತ್ರ ಒಂಚೂರೂ ಇಲ್ಲ. ಆದರೂ ಬಲವಂತವಾಗಿ ಉಂಡೆ. ಉಣ್ಣದಿದ್ದರೆ ಅತ್ತೆ ಬಾಗಿಲಾಚೆಯಿಂದ, "ಎರಡು ತುತ್ತಾದ್ರೂ ತಿನ್ನಮ್ಮಾ" ಅನ್ನುತ್ತಿದ್ದರು.

ಮಗಳ ಹಳೇ ನೋಟ್‌ಬುಕ್ಕಲ್ಲಿ ಗೆರೆ ಹಾಕಿ ಜ್ವರ, ನಾಡಿ, ಆಕ್ಸಿಜನ್ ನಾಲ್ಕು ಗಂಟೆಗೊಮ್ಮೆ ಬರೆದೆ. ಡಾಕ್ಟರು ಫೋನಲ್ಲಿ ಕೇಳುತ್ತಿದ್ದದ್ದು ಅದನ್ನೇ. ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ ಕೂಡಲೇ ತಿಳಿಸಬೇಕು ಅಂದಿದ್ದರು.

ಐದನೇ ರಾತ್ರಿ ಎರಡು ಗಂಟೆ. ಎಚ್ಚರವಾಗಿ, ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿದೆ. 88. ಕೈಕಾಲು ನಡುಗಿತು. ಆಗ ಬೆಡ್ಡು ಸಿಗುವುದು ಎಷ್ಟು ಕಷ್ಟವಿತ್ತು ಅಂತ ಎಲ್ಲರಿಗೂ ಗೊತ್ತು. ಫೋನ್ ಕೈಗೆತ್ತಿಕೊಂಡೆ. ಸ್ಕ್ರೀನಿನ ಬೆಳಕಲ್ಲಿ ಬೆರಳು ಕಾಣಿಸಿತು. ಉಗುರಿನ ಮೇಲೆ ದಪ್ಪಗೆ ಕೆಂಪು ನೇಲ್ ಪಾಲಿಷ್! ಜ್ವರ ಬರುವ ಮುಂಚಿನ ಭಾನುವಾರ ಮಗಳು ಹಚ್ಚಿದ್ದು. ಎಡಗೈ ಮುಗಿಸುವಷ್ಟರಲ್ಲಿ ಬೇಜಾರಾಗಿ ಎದ್ದುಹೋಗಿದ್ದಳು. ಫ್ಯಾನಿನ ಗಾಳಿಗೆ ಕೈ ಬೇರೆ ತಣ್ಣಗಾಗಿತ್ತು. ಎರಡರಿಂದಲೂ ಅಂಕಿ ತಪ್ಪಾಗಿ ಬರಬಹುದು. ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಬಲಗೈ ನಡುಬೆರಳಿಗೆ ಸಿಕ್ಕಿಸಿ, ಅಲುಗಾಡದೆ ಒಂದು ನಿಮಿಷ ಕೂತೆ. ಅಂಕಿ 91, 94 ಅಂತ ಏರಿ 96ಕ್ಕೆ ನಿಂತಿತು. ಜೋರಾಗಿ ಅತ್ತುಬಿಟ್ಟೆ.

ಅವತ್ತಿಂದ ಅದೇ ಬೆರಳು, ಅದೇ ರೀತಿ. ದಿನಕ್ಕೊಮ್ಮೆ ರೂಮಲ್ಲೇ ಆರು ನಿಮಿಷ ನಡೆದು ಮತ್ತೆ ನೋಡುತ್ತಿದ್ದೆ. ಮೂರು ನಾಲ್ಕು ಅಂಕಿ ಇಳಿದರೆ ಅದೂ ಹೇಳಬೇಕಾದ ವಿಷಯವೇ. ನನಗೆ ಒಂದಕ್ಕಿಂತ ಜಾಸ್ತಿ ಇಳಿಯಲಿಲ್ಲ.

ಸಂಜೆ ಹೊತ್ತೇ ಕಷ್ಟ. ಮಗಳು ಬಾಗಿಲಿಗೆ ಒರಗಿ ಆ ಕಡೆ ಕೂರುವಳು, ನಾನು ಈ ಕಡೆ ಗೋಡೆ ಹತ್ತಿರ. ಫೋನಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಅವಳ ದನಿ ಫೋನಲ್ಲೂ ಬಾಗಿಲಲ್ಲೂ ಎರಡೆರಡು ಸಲ ಕೇಳುತ್ತಿತ್ತು.

ಹತ್ತು ದಿನ ಕಳೆದು, ಕೊನೆಯ ಮೂರು ದಿನ ಜ್ವರ ಇಲ್ಲದ್ದು ನೋಡಿ ಡಾಕ್ಟರು ಹೊರಗೆ ಬನ್ನಿ ಅಂದರು. ಅತ್ತೆಗೆ, ಮಗಳಿಗೆ, ನಮ್ಮನೆಯವರಿಗೆ ಏನೂ ಆಗಲಿಲ್ಲ. ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಾಗಲೇ ಎದುರುಮನೆಯವರ ಫೋನ್, ಅವರ ಮಗನಿಗೆ ಜ್ವರ ಅಂತೆ. ಆಕ್ಸಿಮೀಟರ್ ಒರೆಸಿ, ಹೊಸ ಸೆಲ್ ಹಾಕಿ, ಗೆರೆ ಹಾಕಿದ ಇನ್ನೊಂದು ಹಾಳೆ ಜೊತೆಗೆ ಅವರ ಗೇಟಿಗೆ ಸಿಕ್ಕಿಸಿ ಬಂದೆ. ಹಾಳೆಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದಿದ್ದೆ: ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ, ಒಂದು ನಿಮಿಷ ಕಾಯಿರಿ.