ಸ್ಪ್ರೇ ಆಮೇಲೆ, ಮೊದಲು ಬಿಳಿ ತಟ್ಟೆ ತನ್ನಿ

ಎಲೆ ಮೇಲೆ ಏನೋ ಹರಿದಾಡಿತು ಅಂದ ಕೂಡಲೇ ಸ್ಪ್ರೇ ಬಾಟ್ಲಿ ಹಿಡಿದು ಓಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಂದಿರೋದು ಯಾರು ಅಂತ ವಿಚಾರಿಸುವುದೇ ಇಲ್ಲ. ಮೊನ್ನೆ ತಂಗಿಯ ಮಗಳು ಫೋಟೋ ಕಳಿಸಿದ್ದಳು, "ದೊಡ್ಡಮ್ಮ, ಎಲ್ಲ ಹುಳ ಸಾಯಿಸಿಬಿಟ್ಟೆ" ಅಂತ ಖುಷಿಯಲ್ಲಿ. ನೋಡಿದರೆ ಸತ್ತು ಬಿದ್ದಿದ್ದು ಗುಲಗಂಜಿ ಹುಳುವಿನ ಮರಿಗಳು! ಕಪ್ಪು ಮೈ, ಕಿತ್ತಳೆ ಚುಕ್ಕೆ, ಥೇಟ್ ಮೊಸಳೆ ಮರಿ. ಇದೇ ಹುಳು ಬೆಳೆದು ಕೆಂಪಗೆ ದುಂಡಗೆ ಆದ ಮೇಲೆ ಬೆರಳಿಗೆ ಹತ್ತಿಸಿಕೊಂಡು ಮುದ್ದು ಮಾಡುತ್ತಾರೆ, ಮರಿಯನ್ನು ಮಾತ್ರ ಕೊಲ್ಲುತ್ತಾರೆ. ಆ ಒಂದೊಂದು ಮರಿ ದೊಡ್ಡದಾಗುವಷ್ಟರಲ್ಲಿ ಕುಡಿಗೆ ಮುತ್ತುವ ಹೇನುಗಳನ್ನು ನೂರಾರು ಲೆಕ್ಕದಲ್ಲಿ ತಿಂದು ಹಾಕುತ್ತಿತ್ತು.

ಕೊಂದರೆ ಹೇನು, ಮರಿ ಎರಡೂ ಸತ್ತವಲ್ಲ, ಏನೀಗ ಅಂತ ಕೇಳಿದಳು. ಹೇನಿಗೆ ಗಂಡೂ ಬೇಕಿಲ್ಲ, ಮೊಟ್ಟೆಯೂ ಬೇಕಿಲ್ಲ, ನೇರವಾಗಿ ಮರಿ ಹಾಕುತ್ತದೆ ಮಗಳೇ, ಬೆಚ್ಚಗಿನ ದಿನಗಳಲ್ಲಿ ಆ ಮರಿ 7-10 ದಿನಕ್ಕೆ ತಾನೇ ತಾಯಿಯಾಗಿರುತ್ತದೆ. ಗುಲಗಂಜಿ ಹುಳು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ 3-4 ವಾರ ತೆಗೆದುಕೊಳ್ಳುತ್ತದೆ. ಇಬ್ಬರಲ್ಲಿ ಯಾರು ಮೊದಲು ವಾಪಸ್ ಬರುತ್ತಾರೆ ಅಂತ ನೀವೇ ಲೆಕ್ಕ ಹಾಕಿ.

ಅದಕ್ಕೇ ಹೇಳೋದು, ಮೊದಲು ತಟ್ಟೆ ಹಿಡಿಯಿರಿ, ಹುಳುಗಳನ್ನು ಅದರ ಮೇಲೆ ಉದುರಿಸಿ ಯಾರು ಅಂತ ನೋಡಿ. ಇದು ನಮ್ಮತ್ತೆ ಕಲಿಸಿದ್ದು. ಬೆಳಗ್ಗೆ ಅವರು ಅಂಚು ಒಡೆದ ಹಳೇ ಬಿಳಿ ಪಿಂಗಾಣಿ ತಟ್ಟೆ ಹಿಡಿದು ತೋಟಕ್ಕೆ ಹೋದರೆ ಯಾರೂ ಮಾತಾಡಿಸುವ ಹಾಗಿರಲಿಲ್ಲ, ಮಾತಾಡಿಸಿದರೆ ಬೈಸಿಕೊಳ್ಳಬೇಕಿತ್ತು. ಸ್ಟೀಲ್ ತಟ್ಟೆ ಆಗುವುದಿಲ್ಲ, ಹೊಳಪಿಗೆ ಕಣ್ಣು ಕುಕ್ಕುತ್ತದೆ. ಬಿಳಿಯೇ ಆಗಬೇಕು, ನುಣ್ಣಗಿರಬೇಕು, ಗೀರು ಇರಬಾರದು, ಗೀರಿದ್ದರೆ ಅದೇ ಹುಳುವಿನ ಹಾಗೆ ಕಾಣುತ್ತದೆ. (ಪಿಂಗಾಣಿಯನ್ನು ದಯವಿಟ್ಟು ಕಬ್ಬಿಣದ ನಾರು ಹಾಕಿ ಉಜ್ಜಬೇಡಿ. ಇದನ್ನೂ ಹೇಳಿ ಹೇಳಿ ನನಗೆ ಸಾಕಾಗಿದೆ, ಕಲೆ ಹೋಗದಿದ್ದರೆ ಅಡುಗೆ ಸೋಡಾ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒರೆಸಿ.)

ಬಿಸಿಲು ಏರುವ ಮೊದಲು ಹೋಗಿ. ತಂಪಿನಲ್ಲಿ ಹುಳುಗಳ ಮೈ ಮರಗಟ್ಟಿರುತ್ತದೆ, ಬೇಗ ಹಾರುವುದಿಲ್ಲ. ಕುಡಿಯ ಕೆಳಗೆ ಗೇಣಿಗಿಂತ ಕಮ್ಮಿ ದೂರದಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ರೆಂಬೆಯನ್ನು ಎರಡು ಮೂರು ಸಲ ತಟ್ಟಿ. ಅಲ್ಲಾಡಿಸಬೇಡಿ, ಬರೀ ಹೂವು ಉದುರುತ್ತದೆ. ತಟ್ಟಿದ ತಕ್ಷಣ ನೋಡಿ ನಿರ್ಧಾರ ಮಾಡಬೇಡಿ, ಸುಮ್ನೆ ಸ್ವಲ್ಪ ಹೊತ್ತು ಹಿಡಿದುಕೊಂಡಿರಿ. ಬಿದ್ದ ಕೂಡಲೇ ಕೆಲವು ಸತ್ತ ಹಾಗೆ ನಟಿಸುತ್ತವೆ, ಆಮೇಲೆ ಒಂದೊಂದೇ ಕಾಲು ಚಾಚುತ್ತವೆ. ಆಗ ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿ. ಧೂಳು, ಪರಾಗ, ಒಣಗಿದ ಚೂರು ಜಾರಿ ಹೋಗುತ್ತದೆ, ಜೀವ ಇರುವುದು ಅಂಟಿಕೊಂಡು ಉಳಿಯುತ್ತದೆ.

ಈಗ ಕನ್ನಡಕ ಹಾಕಿಕೊಂಡು ನೋಡಿ. ಉದ್ದಕ್ಕೆ, ಸಪೂರ, ಹಳದಿ ಬಣ್ಣದ್ದು ಸರಸರ ಓಡಾಡಿದರೆ ಥ್ರಿಪ್ಸ್, ಅದೂ ರಸ ಹೀರುವ ಹುಳುವೇ. ಚುಕ್ಕಿಯಷ್ಟಿದ್ದು ನಿಧಾನಕ್ಕೆ ತೆವಳುವುದು ರಸ ಹೀರುವ ನುಸಿ. ಅಷ್ಟೇ ಸಣ್ಣದಿದ್ದು ಚುರುಕಾಗಿ ಓಡುವುದು ಸಾಮಾನ್ಯವಾಗಿ ಆ ನುಸಿಯನ್ನು ಬೇಟೆಯಾಡುವ ನುಸಿ, ಅದನ್ನು ಬಿಟ್ಟುಬಿಡಿ. ಮೆಣಸಿನ ಗಿಡಕ್ಕೆ ಮುಟುರು, ಅಂದರೆ ಎಲೆ ಮುದುಡುವ ಕಾಯಿಲೆ, ಬಂದಿದ್ದರೆ ಎಲೆಯೇ ಹೇಳುತ್ತದೆ: ಅಂಚು ಮೇಲಕ್ಕೆ ಸುರುಳಿ ಸುತ್ತಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ನುಸಿ. ಗುಲಗಂಜಿ ಹುಳು ಬಿದ್ದರೆ ಕಾಲು ಒಳಗೆಳೆದುಕೊಂಡು ಕೂರುತ್ತದೆ, ಜಾಸ್ತಿ ಕೆಣಕಿದರೆ ಕೀಲಿನಿಂದ ಹಳದಿ ಹನಿ ಬಿಡುತ್ತದೆ. ವಾಸನೆ ಬರುತ್ತದೆ, ಅಷ್ಟೇ.

ಅದರ ವೇಷದಲ್ಲಿ ಒಬ್ಬ ಕಳ್ಳನೂ ಇದ್ದಾನೆ, ಬದನೆ ಗಿಡದಲ್ಲಿ. ಅದೇ ದುಂಡು ಮೈ, ಆದರೆ ಹೊಳಪಿಲ್ಲ, ಮೇಲೆ ಸಣ್ಣ ರೋಮ, ಒತ್ತೊತ್ತಾಗಿ ತುಂಬಾ ಚುಕ್ಕೆ. ಮರಿ ಹಳದಿ, ಮೈತುಂಬ ಮುಳ್ಳು. ಇದು ಎಲೆಯ ಹಸಿರನ್ನೆಲ್ಲ ಕೆರೆದು ನರಗಳನ್ನಷ್ಟೇ ಉಳಿಸುತ್ತದೆ. ಇದನ್ನು ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕಿ, ಎಲೆಯ ಅಡಿಯ ಹಳದಿ ಮೊಟ್ಟೆಗಳನ್ನು ಹೊಸಕಿ. ಆದರೆ ಮೊಟ್ಟೆ ಹೊಸಕುವ ಮುಂಚೆ ಅಕ್ಕಪಕ್ಕ ನೋಡಿ, ಅಲ್ಲಿ ಹೇನು ತುಂಬಿದ್ದರೆ ಅವು ಒಳ್ಳೆಯ ಹುಳುವಿನದ್ದೇ ಇರಬಹುದು, ಮೊಟ್ಟೆಯ ಬಣ್ಣ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಕೂದಲಿನಷ್ಟು ತೆಳ್ಳಗಿನ ಕಡ್ಡಿಯ ತುದಿಯಲ್ಲಿ ನಿಂತ ಬಿಳಿ ಮೊಟ್ಟೆ ಕಂಡರೆ ಶಿಲೀಂಧ್ರ ಅಂತ ಒರೆಸಿ ಹಾಕಬೇಡಿ. ಬಲೆಯಂಥ ರೆಕ್ಕೆಯ ತಿಳಿಹಸಿರು ಹುಳು ಇಟ್ಟಿದ್ದು ಅದು, ಅದರ ಮರಿಯೂ ಹೇನು ತಿನ್ನುತ್ತದೆ.

ಹೇನಿನ ಗುಂಪಿನಲ್ಲಿ ಕೆಲವು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡದೆ ಕೂತಿದ್ದರೆ ಹತ್ತಿರದಿಂದ ನೋಡಿ. ಒಂದು ಸಣ್ಣ ಕಣಜ ಅದರ ಹೊಟ್ಟೆಯೊಳಗೆ ಮೊಟ್ಟೆ ಇಟ್ಟಿದೆ. ಬೆನ್ನಿನಲ್ಲಿ ದುಂಡಗಿನ ತೂತು ಕಂಡರೆ ಮರಿ ಕಣಜ ಆಗಲೇ ಹೊರಟು ಹೋಗಿದೆ ಅಂತ ಅರ್ಥ. ಅಂಥ ಗಿಡಕ್ಕೆ ನಾನು ಏನೂ ಹೊಡೆಯುವುದಿಲ್ಲ. ಇರುವೆ ಹತ್ತಿ ಇಳಿಯುತ್ತಿದ್ದರೆ ಮಾತ್ರ ತಡೆಯಬೇಕು. ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದಕ್ಕೆ ಕಾವಲು ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತವೆ. ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಅಂಟು ಸವರಿ, ಪಕ್ಕದ ಕೋಲಿಗೋ ಗೋಡೆಗೋ ತಾಗಿದ ಎಲೆ ಕತ್ತರಿಸಿ.

ಇಷ್ಟಾಗಿಯೂ ಹೊಡೆಯಲೇಬೇಕು ಅಂದರೆ ನೀರಿನಿಂದ ಶುರು ಮಾಡಿ, ಎಲೆಯ ಅಡಿಗೆ ಜೋರಾಗಿ. ಬಿದ್ದ ಹೇನು ಹೆಚ್ಚಿನವು ವಾಪಸ್ ಹತ್ತುವುದಿಲ್ಲ. ಆಮೇಲೆ ಸೋಪಿನ ನೀರು, ತೆಳ್ಳಗೆ. ಬಟ್ಟೆ ಒಗೆಯುವ ಪುಡಿ ಹಾಕಿದರೆ ಎಲೆ ಸುಟ್ಟುಹೋಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ. ಮೊದಲು ಒಂದು ಎಲೆಗೆ ಹೊಡೆದು ಮಾರನೆ ದಿನದವರೆಗೆ ಕಾಯಿರಿ. ಹೊಡೆಯುವುದು ಸಂಜೆ, ಜೇನು ಗೂಡು ಸೇರಿದ ಮೇಲೆ. ಸೋಪು ಹಸಿಯಾಗಿ ಮೈಗೆ ತಾಗಿದ ಹುಳುವನ್ನಷ್ಟೇ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಬಲ ಇಲ್ಲ. ಹಾಗಾಗಿ ಎಲೆಯ ಮೇಲ್ಭಾಗ ಫಳಫಳ ಅನ್ನುವಂತೆ ತೋಯಿಸಿ ಬರುವವರಿಗೆ ಏನೂ ಸಿಗುವುದಿಲ್ಲ.

ಇನ್ನೊಂದು, ಕೊತ್ತಂಬರಿ, ಸಬ್ಬಸಿಗೆ ಹೂ ಬಿಟ್ಟಿತು ಅಂತ ಕಿತ್ತು ಎಸೆಯುತ್ತೀರಲ್ಲ, ಅದನ್ನು ನಿಲ್ಲಿಸಿ. ಹೇನಿನೊಳಗೆ ಮೊಟ್ಟೆ ಇಡುವ ಆ ಕಣಜಗಳ ಬಾಯಿ ಗಿಡ್ಡ, ಆಳದ ಹೂವಿನ ಮಕರಂದ ಅವಕ್ಕೆ ಎಟುಕುವುದಿಲ್ಲ, ಇಂಥ ಪುಟ್ಟ ತೆರೆದ ಹೂವೇ ಬೇಕು. ಮೂಲೆಯಲ್ಲಿ ಒಂದೆರಡು ಗಿಡ ಬೀಜ ಆಗುವವರೆಗೆ ಬಿಟ್ಟುಬಿಡಿ, ಮುಂದಿನ ಸಲಕ್ಕೆ ಬೀಜವೂ ಆಯಿತು.