ಬಿಟ್ಟುಹೋದ ಒಂದು ಟಿಕ್

ನಮ್ಮ ಟೀಮಿಗೆ ಬಿಲ್ಡ್ ಟೆಂಪ್ಲೇಟ್, ಅಂದರೆ ಬರೆದ ಕೋಡನ್ನು ಚಿಪ್‌ಗೆ ಹಾಕುವ ಫೈಲಾಗಿ ಮಾಡಲು ಎಲ್ಲರಿಗೂ ಒಂದೇ ಸಿದ್ಧ ಚೌಕಟ್ಟು, ಬೇಕು ಅಂತ ಅರ್ಥವಾಗಿದ್ದು ಒಂದು ನಾಗರ ಪಂಚಮಿಯಲ್ಲಿ.

ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸು. ಕಾರಿನ ದೀಪ, ವೈಪರ್, ಬಾಗಿಲ ಲಾಕ್ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಯೂನಿಟ್‌ಗೆ ಸಾಫ್ಟ್‌ವೇರ್ ಬರೆಯುವುದು ಕೆಲಸ. ಅವತ್ತು ಸಂಜೆ ಒಂದೇ ಸಾಲಿನ ತಿದ್ದುಪಡಿ ಮಾಡಿ, ಚಿಪ್‌ಗೆ ತುಂಬುವ ಹೊಸ ಹೆಕ್ಸ್ ಫೈಲ್ ಕಳಿಸಬೇಕಿತ್ತು. ತಿದ್ದುಪಡಿ ಐದು ನಿಮಿಷದಲ್ಲಿ ಮುಗಿಯಿತು. ಆದರೆ ರಿಲೀಸ್ ಬಿಲ್ಡ್ ಆಗುತ್ತಿದ್ದದ್ದು ಒಬ್ಬ ಹುಡುಗನ ಕಂಪ್ಯೂಟರಿನಲ್ಲಿ ಮಾತ್ರ. ಅವನು ಧಾರವಾಡದವನು, ಹಬ್ಬಕ್ಕೆ ಊರಿಗೆ ಹೊರಟಿದ್ದ. ಫೋನ್ ಮಾಡಿದೆ. "ಸರ್, ಪ್ರಾಜೆಕ್ಟ್ ಪ್ರಾಪರ್ಟೀಸ್ ಒಳಗ ಹೋಗ್ರಿ, ಅಲ್ಲಿ ಎಡಕ್ಕ ಮೂರನೇದು ಒತ್ರಿ, ಅದರಾಗ ಒಂದು ಟಿಕ್..." ಅನ್ನುವಷ್ಟರಲ್ಲಿ ಬಸ್ಸು ಖಂಬಾಟಕಿ ಘಾಟ್ ಹತ್ತಿತು. ಸಿಗ್ನಲ್ ಹೋಯಿತು.

ಯಾವ ಟಿಕ್ ಅಂತ ಅವತ್ತು ಗೊತ್ತಾಗಲಿಲ್ಲ. ಅವನು ಸಾತಾರಾದಲ್ಲಿ ಊಟಕ್ಕೆ ಇಳಿದಾಗ ಮತ್ತೆ ಫೋನ್ ಹಿಡಿದು, ಅವನದೇ ಕಂಪ್ಯೂಟರಿನ ಮುಂದೆ ಕೂತು, ಹೆಂಗೋ ಕಳಿಸಿದೆವು. ಸೋಮವಾರ ಬರುವಾಗ ಶೇಂಗಾ ಉಂಡಿ ತಂದಿದ್ದ, ಹಾಗಾಗಿ ಯಾರೂ ಬೈಯಲಿಲ್ಲ. ಆದರೆ ಮ್ಯಾನೇಜರ್ ನನ್ನನ್ನು ಕರೆದು, ಎಲ್ಲ ಪ್ರಾಜೆಕ್ಟಿಗೂ ಒಂದೇ ಟೆಂಪ್ಲೇಟ್ ಮಾಡು ಅಂದರು. ಆರು ವಾರ ಸಮಯ. ಹಿಡಿದದ್ದು ಎಂಟು ತಿಂಗಳು.

ಆಗ ನಮ್ಮ ಪ್ರಾಜೆಕ್ಟುಗಳೆಲ್ಲ ಎಕ್ಲಿಪ್ಸ್ ಮಾದರಿಯ ಐಡಿಇ (ಕೋಡ್ ಬರೆದು ಬಿಲ್ಡ್ ಮಾಡುವ ಸಾಫ್ಟ್‌ವೇರ್) ಒಳಗೆ ಇದ್ದವು. ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್‌ನ ಆಯ್ಕೆಗಳೆಲ್ಲ ಟಿಕ್ ಪೆಟ್ಟಿಗೆಗಳಲ್ಲಿ. ಅದನ್ನು, ಬಿಲ್ಡ್ ಹೆಜ್ಜೆಗಳನ್ನು ಫೈಲಿನಲ್ಲಿ ಬರೆದಿಡುವ ಸಿಮೇಕ್ ಮತ್ತು ಅವನ್ನು ಓಡಿಸುವ ನಿಂಜಾಗೆ ತರೋಣ ಅಂತ ನಿರ್ಧಾರ ಮಾಡಿದೆ. ಸಿಮೇಕ್‌ನಲ್ಲಿ ಟೂಲ್‌ಚೈನ್ ಫೈಲ್ ಅಂತ ಒಂದು ಇರುತ್ತದೆ. ಯಾವ ಕಂಪೈಲರ್, ಯಾವ ಪ್ರೊಸೆಸರ್ ಅನ್ನುವುದನ್ನು ಅಲ್ಲಿ ಬರೆಯಬೇಕು. ಸಿಸ್ಟಂ ಹೆಸರಿನ ಜಾಗದಲ್ಲಿ 'ಜೆನೆರಿಕ್' ಅಂತ ಹಾಕಿದರೆ, ಇಲ್ಲಿ ಲಿನಕ್ಸ್, ವಿಂಡೋಸ್ ಏನೂ ಇಲ್ಲ, ಬರೀ ಚಿಪ್ ಅಂತ ಅದಕ್ಕೆ ಗೊತ್ತಾಗುತ್ತದೆ. ಇಷ್ಟು ಮಾಡಿ ಓಡಿಸಿದರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಕಂಪೈಲರ್ ಸರಿಯಾಗಿದೆಯೋ ಅಂತ ನೋಡಲು ಸಿಮೇಕ್ ಒಂದು ಪುಟ್ಟ ಪ್ರೋಗ್ರಾಂ ಮಾಡಿ ಲಿಂಕ್ ಮಾಡುತ್ತದೆ, ಅಂದರೆ ತುಂಡುಗಳನ್ನು ಜೋಡಿಸಿ ಒಂದೇ ಫೈಲ್ ಮಾಡುತ್ತದೆ. ನಮ್ಮ ಚಿಪ್‌ಗೆ ಮೊದಲು ಓಡುವ ಸ್ಟಾರ್ಟಪ್ ಕೋಡ್ ಬೇಕು, ಮೆಮೊರಿಯಲ್ಲಿ ಯಾವುದು ಎಲ್ಲಿ ಅಂತ ಹೇಳುವ ಲಿಂಕರ್ ಸ್ಕ್ರಿಪ್ಟ್ ಬೇಕು. ಆ ಪುಟ್ಟ ಪ್ರೋಗ್ರಾಂಗೆ ಎರಡೂ ಇಲ್ಲ. ಪರೀಕ್ಷೆಗೆ ಪ್ರೋಗ್ರಾಂ ಬೇಡ, ಲಿಂಕ್ ಬೇಡದ ಸ್ಟ್ಯಾಟಿಕ್ ಲೈಬ್ರರಿ ಮಾಡು ಸಾಕು ಅಂತ ಹೇಳುವ ಒಂದು ಸಾಲಿದೆ. ಆ ಒಂದು ಸಾಲು ಹುಡುಕಲು ನನಗೆ ಎರಡು ದಿನ ಹೋಯಿತು.

ಲಿನಕ್ಸ್ ಸರ್ವರ್‌ನಲ್ಲಿ ಬಿಲ್ಡ್ ಮಾಡಲು ಹೋದಾಗ ಇನ್ನೊಂದು ರಗಳೆ. ವಿಂಡೋಸ್‌ಗೆ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಬೇರೆ ಫೈಲನ್ನು ಹೆಸರಿಟ್ಟು ಕರೆಯುವ, ವರ್ಷಗಟ್ಟಲೆ ಯಾರೂ ನೋಡದ ಇನ್‌ಕ್ಲೂಡ್ ಸಾಲುಗಳಲ್ಲಿ ನೂರಾರು ಕಡೆ ಈ ತಪ್ಪಿತ್ತು. ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ, ಸುಮ್ನೆ ಕೂತು ತಿದ್ದಿದೆ. ವಿಂಡೋಸ್ ಕಡೆಗೆ ಅದರದೇ ತಾಪತ್ರಯ. ಫೋಲ್ಡರ್ ಹಾದಿ 260 ಅಕ್ಷರ ದಾಟಿದರೆ ಹಳೆಯ ಟೂಲ್‌ಗಳು ಫೈಲೇ ಇಲ್ಲ ಅನ್ನುತ್ತವೆ. ಕಮಾಂಡ್ ಪ್ರಾಂಪ್ಟಿನಲ್ಲಿ ಸಾಲು 8191 ಅಕ್ಷರ ದಾಟಿದರೆ ತೀರಾ ಉದ್ದವಾಯಿತು ಅಂತ ಓಡಿಸುವುದೇ ಇಲ್ಲ. ಮುನ್ನೂರು ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಂಡುಗಳು) ಲಿಂಕ್ ಮಾಡುವಾಗ 8191 ಯಾವ ಲೆಕ್ಕಕ್ಕೂ ಇಲ್ಲ. ಪಟ್ಟಿಯನ್ನು ಒಂದು ರೆಸ್ಪಾನ್ಸ್ ಫೈಲಿಗೆ ಬರೆದು ಅದನ್ನೇ ಲಿಂಕರ್‌ಗೆ ಕೊಟ್ಟರೆ ಆಯಿತು. ಫೋಲ್ಡರಿನ ಮೂಲ ಹಾದಿಯನ್ನೂ ಒಂದೇ ಅಕ್ಷರಕ್ಕೆ ಇಳಿಸಿದೆವು.

ಮೊದಲ ಬಿಲ್ಡ್ ಯಶಸ್ವಿಯಾದ ದಿನ ಎಲ್ಲರಿಗೂ ಚಹಾ ಕುಡಿಸಿದೆ. ಸ್ವಲ್ಪ ಬೇಗ ಕುಡಿಸಿಬಿಟ್ಟೆ.

ಮರುದಿನ ಹೊಸ ಹೆಕ್ಸ್ ಅನ್ನು ಟೆಸ್ಟ್ ಬೆಂಚಿಗೆ ಹಾಕಿದರೆ ದೀಪ ಹತ್ತುತ್ತದೆ, ವೈಪರ್ ಓಡುತ್ತದೆ, ಬ್ಯಾಟರಿ ವೋಲ್ಟೇಜ್ ಮಾತ್ರ ಸೊನ್ನೆ. ಬೆಂಚಿನ ಪವರ್ ಸಪ್ಲೈ 13.5 ವೋಲ್ಟ್ ತೋರಿಸುತ್ತಿದೆ. ಸಾಫ್ಟ್‌ವೇರ್ ಸೊನ್ನೆ ಅನ್ನುತ್ತಿದೆ. ಹಳೆಯ ಐಡಿಇಯಲ್ಲಿ ಬಿಲ್ಡ್ ಮಾಡಿದರೆ ಸರಿ ಬರುತ್ತದೆ. ಕೋಡ್ ಅದೇ, ಕಂಪೈಲರ್ ಅದೇ. ನಮ್ಮಲ್ಲಿ ಹುಬ್ಬಳ್ಳಿಯ ಹಿರಿಯರೊಬ್ಬರಿದ್ದಾರೆ, ಹಾರ್ಡ್‌ವೇರ್ ನೋಡಿಕೊಳ್ಳುವವರು. ಬೆಂಚಿನ ವೈರು ಎರಡು ಸಲ ಬಿಚ್ಚಿ ಹಾಕಿ, ಕೊನೆಗೆ ನನ್ನ ಕಡೆ ತಿರುಗಿದರು. "ತಮ್ಮಾ, ವೈರಿಂದೇನೂ ತಪ್ಪಿಲ್ಲ. ನಿನ್ನ ಹೊಸ ಪೆಟಿಗಿ ತಗದು ನೋಡು."

ಮೂರು ದಿನ ನೋಡಿದೆ. ವೋಲ್ಟೇಜ್ ಓದುವ ಕೋಡ್ ನಮ್ಮದಲ್ಲ, ಸರಬರಾಜುದಾರರು ಕೊಟ್ಟ ಸಿದ್ಧ ಲೈಬ್ರರಿ. ಅದು ಒಂದು ಸ್ಟ್ರಕ್ಚರ್, ಅಂದರೆ ಹಲವು ಬೆಲೆಗಳ ಕಟ್ಟು, ತುಂಬಿ ಕೊಡುತ್ತದೆ. ಅದರಲ್ಲಿ ಮೊದಲು ಒಂದು ಎನಮ್ (ಹೆಸರಿಟ್ಟ ಕೆಲವೇ ಬೆಲೆಗಳಲ್ಲಿ ಒಂದು), ಆಮೇಲೆ 16 ಬಿಟ್‌ನ ವೋಲ್ಟೇಜ್. ಆಪರೇಟಿಂಗ್ ಸಿಸ್ಟಂ ಇಲ್ಲದ ಆರ್ಮ್ ಚಿಪ್‌ಗಳಿಗಿರುವ ಜಿಸಿಸಿ ಕಂಪೈಲರ್, ನಾವು ಏನೂ ಹೇಳದಿದ್ದರೆ, ಎನಮ್ ಅನ್ನು ಎಷ್ಟು ಸಾಕೋ ಅಷ್ಟೇ ಜಾಗಕ್ಕೆ ಹಿಡಿಸುತ್ತದೆ. ನಾಲ್ಕೈದು ಸಣ್ಣ ಬೆಲೆಗಳಿದ್ದರೆ ಒಂದೇ ಬೈಟ್. ಆದರೆ ಆ ಲೈಬ್ರರಿ ಮಾಡಿದವರು ಶಾರ್ಟ್ ಎನಮ್ಸ್ ಆಯ್ಕೆಯನ್ನು ಬಂದ್ ಮಾಡಿಟ್ಟಿದ್ದರು. ಅವರ ಎನಮ್ ನಾಲ್ಕು ಬೈಟ್. ಅವರು ನಾಲ್ಕು ಬೈಟ್ ಬಿಟ್ಟು ವೋಲ್ಟೇಜ್ ಬರೆಯುತ್ತಾರೆ, ನಾವು ಎರಡೇ ಬೈಟ್ (ಎನಮ್ ಒಂದು, ಖಾಲಿ ಒಂದು) ಬಿಟ್ಟು ಓದುತ್ತೇವೆ. ಅಲ್ಲಿರುವುದು ಅವರ ಎನಮ್‌ನ ಮೇಲಿನ ಅರ್ಧ. ಅದು ಯಾವಾಗಲೂ ಸೊನ್ನೆ. ಇನ್ನೂ ಕೆಟ್ಟ ಸಂಗತಿ ಅಂದರೆ, ನಮ್ಮ ಲೆಕ್ಕದಲ್ಲಿ ಆ ಸ್ಟ್ರಕ್ಚರ್ ನಾಲ್ಕೇ ಬೈಟ್. ಅವರ ಬರಹ ಪಕ್ಕದ ವೇರಿಯಬಲ್ ಮೇಲೆ ಹೋಗಿ ಕೂರುತ್ತಿತ್ತು. ಪಕ್ಕದಲ್ಲಿ ಏನೋ ಹೆಚ್ಚು ಬಳಕೆಯಿಲ್ಲದ ಲೆಕ್ಕ ಇದ್ದದ್ದು ನಮ್ಮ ಅದೃಷ್ಟ. ಬ್ರೇಕ್ ದೀಪದ ಸ್ಥಿತಿ ಇದ್ದಿದ್ದರೆ?

ಬಸ್ಸಿನಲ್ಲಿ ಹುಡುಗ ಹೇಳಲು ಹೊರಟಿದ್ದ ಟಿಕ್ ಇದೇ. ಹಳೆಯ ಐಡಿಇಯಲ್ಲಿ ಯಾರೋ ಹಾಕಿದ್ದರು. ಯಾಕೆ ಅಂತ ಯಾರೂ ಬರೆದಿಟ್ಟಿರಲಿಲ್ಲ. ನಾನು ಆಯ್ಕೆಗಳನ್ನು ತರುವಾಗ ಇದೊಂದನ್ನು ಬಿಟ್ಟಿದ್ದೆ.

ಲಿಂಕರ್ ಇದನ್ನು ನನಗೆ ಹೇಳಿತ್ತು. ಎರಡು ಕಡೆಯ ಎನಮ್ ಅಳತೆ ಬೇರೆ ಬೇರೆ ಇದೆ, ತೊಂದರೆ ಆಗಬಹುದು ಅಂತ ಎಚ್ಚರಿಕೆ ಕೊಟ್ಟಿತ್ತು. ನಾನೂರು ಎಚ್ಚರಿಕೆಗಳ ನಡುವೆ ಅದೂ ಒಂದು. ನಾನು ನೋಡಿರಲಿಲ್ಲ. ಅವತ್ತೇ ಟೆಂಪ್ಲೇಟಿಗೆ ಮೊದಲ ಕಟ್ಟುನಿಟ್ಟಿನ ನಿಯಮ ಬಂತು: ಲಿಂಕರ್ ಎಚ್ಚರಿಕೆ ಕೊಟ್ಟರೆ ಬಿಲ್ಡ್ ನಿಲ್ಲಬೇಕು. ಎರಡನೆಯದು ನನ್ನ ಕೆಲಸದ ಕ್ರಮಕ್ಕೆ. ಯಾವ ಹಳೆಯ ಪ್ರಾಜೆಕ್ಟನ್ನು ಹೊಸ ಟೆಂಪ್ಲೇಟಿಗೆ ತಂದರೂ ಮೊದಲು ಹಳೆಯ ಬಿಲ್ಡಿನ ಪೂರ್ತಿ ಲಾಗ್ ತೆಗೆದು, ಹೊಸದರ ಲಾಗ್ ಪಕ್ಕದಲ್ಲಿಟ್ಟು, ಪ್ರತಿ ಫೈಲಿನ ಆಯ್ಕೆಗಳನ್ನು ಒಂದೊಂದಾಗಿ ಹೋಲಿಸುವುದು. ಇದಕ್ಕೆ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದೆ. ನಿಜ ಹೇಳಬೇಕೆಂದರೆ ಇಡೀ ಟೆಂಪ್ಲೇಟಿಗಿಂತ ಆ ಸ್ಕ್ರಿಪ್ಟೇ ನಮಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಇಷ್ಟಾದ ಮೇಲೆ ಟೆಂಪ್ಲೇಟನ್ನು ಹಂಚಿದೆ. ಹಂಚಿದ ರೀತಿಯೇ ತಪ್ಪಾಯಿತು. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿ ಒಂದು ರೆಪೊಸಿಟರಿ ಮಾಡಿ, ಇದನ್ನು ಕಾಪಿ ಮಾಡಿಕೊಂಡು ಶುರು ಮಾಡಿ ಅಂದೆ. ಮಾಡಿಕೊಂಡರು. ಎರಡು ತಿಂಗಳಲ್ಲಿ ಆರು ಪ್ರಾಜೆಕ್ಟ್, ಆರು ಟೆಂಪ್ಲೇಟ್. ಒಬ್ಬರು ಎಚ್ಚರಿಕೆಯ ನಿಯಮ ತೆಗೆದಿದ್ದರು, ಇನ್ನೊಬ್ಬರು ಫೋಲ್ಡರ್ ಹೆಸರು ಬದಲಿಸಿದ್ದರು. ನಾನು ಮೂಲದಲ್ಲಿ ಒಂದು ತಪ್ಪು ತಿದ್ದಿದರೆ ಆರು ಕಡೆ ಹೋಗಿ ಕೈಯಾರೆ ತಿದ್ದಬೇಕು.

ಆ ಭಾನುವಾರ ಹುಬ್ಬಳ್ಳಿಯ ಸರ್ ಜೊತೆ ಎಆರ್‌ಎಐ ಗುಡ್ಡ ಹತ್ತಲು ಹೋಗಿದ್ದೆ. ಪುಣೆಯಲ್ಲಿ ವಾಹನದ ಕೆಲಸ ಮಾಡುವವರಿಗೆ ರಜೆಯಲ್ಲೂ ವಾಹನ ಪರೀಕ್ಷೆ ಸಂಸ್ಥೆಯ ಗುಡ್ಡವೇ ಗತಿ ನೋಡಿ. ನನ್ನ ಗೋಳು ಕೇಳಿ ಅವರು ನಕ್ಕರು. "ನೀ ಹೆಪ್ಪು ಕೊಟ್ಟಂಗ ಕೊಟ್ಟಿಯಲ್ಲೋ. ಹೆಪ್ಪು ಒಯ್ದವರ ಮೊಸರು ಮರುದಿನಾ ಅವರದ. ಇವತ್ತ ನಿಮ್ಮನಿಯಾಗ ಛಲೋ ಹಾಲು ತಂದ್ರ ಅವರ ಗಡಗಿಗೇನು ಬಂತು?" ನಾನು ಶಿವಮೊಗ್ಗ ಕಡೆಯವನು, ಅವರ ಮಾತಿನಲ್ಲಿ ಅರ್ಧ ನನಗೆ ತಡವಾಗಿ ತಲುಪುತ್ತದೆ. ಇದು ಮಾತ್ರ ತಕ್ಷಣ ತಲುಪಿತು.

ಸೋಮವಾರದಿಂದ ಕಾಪಿ ನಿಲ್ಲಿಸಿದೆ. ಟೂಲ್‌ಚೈನ್, ಎಚ್ಚರಿಕೆಗಳು, ಹೆಕ್ಸ್ ಮಾಡುವ ಹೆಜ್ಜೆ ಎಲ್ಲ ಒಂದು ಕಡೆ, ಆವೃತ್ತಿ ಸಂಖ್ಯೆಯ ಜೊತೆ. ಪ್ರಾಜೆಕ್ಟ್ ಅದನ್ನು ಗಿಟ್ ಸಬ್‌ಮಾಡ್ಯೂಲ್ ಆಗಿ, ಅಂದರೆ ಮೂಲದ ಒಂದು ಆವೃತ್ತಿಗೆ ಕೊಂಡಿ ಹಾಕಿ, ಎಳೆದುಕೊಳ್ಳುತ್ತದೆ. ಪ್ರಾಜೆಕ್ಟಿನೊಳಗೆ ಉಳಿಯುವುದು ಮೂರೇ: ಫೈಲುಗಳ ಪಟ್ಟಿ, ಮೆಮೊರಿ ನಕ್ಷೆ, ವೇರಿಯಂಟ್‌ಗಳು. ಎಡಗಡೆ ಸ್ಟೀರಿಂಗ್, ಬಲಗಡೆ ಸ್ಟೀರಿಂಗ್, ಸನ್‌ರೂಫ್ ಇರುವುದು, ಇಲ್ಲದ್ದು, ಇಂಥವೆಲ್ಲ ಸಿಮೇಕ್ ಪ್ರಿಸೆಟ್ ಫೈಲಿನಲ್ಲಿ ಹೆಸರಿಟ್ಟು ಬರೆದಿದ್ದೇವೆ. ಫೈಲುಗಳ ಪಟ್ಟಿಯನ್ನು ಕೈಯಲ್ಲೇ ಬರೆಯಬೇಕು ಅಂದಾಗ ಜಗಳವಾಯಿತು. ಫೋಲ್ಡರಿನಲ್ಲಿರುವ ಎಲ್ಲವನ್ನೂ ತಾನೇ ಹುಡುಕಿಕೊಳ್ಳುವ ಸೌಲಭ್ಯ ಸಿಮೇಕ್‌ನಲ್ಲಿದೆಯಲ್ಲ ಅಂದರು. ಇದೆ. ಯಾರೋ ಪರೀಕ್ಷೆಗೆ ಮಾಡಿ ಮರೆತ ಫೈಲೂ ಕಾರಿನೊಳಗೆ ಹೋಗುವ ದಾರಿ ಅದು. ನಾನು ಬಗ್ಗಲಿಲ್ಲ.

ನಿಯಮ ಮೀರಲೇಬೇಕಾದವರಿಗೆ ವಿನಾಯಿತಿ ಫೈಲ್ ಅಂತ ಒಂದು ಇಟ್ಟೆ. ಯಾವ ನಿಯಮ, ಯಾಕೆ, ಯಾವ ತಾರೀಕಿನವರೆಗೆ ಅಂತ ಬರೆಯಬೇಕು. ತಾರೀಕು ಮುಗಿದ ಮೇಲೆ ಬಿಲ್ಡ್ ನಿಲ್ಲುತ್ತದೆ. ಮೊದಲ ತಿಂಗಳು ಕಾರಣದ ಜಾಗದಲ್ಲಿ ಜಾಸ್ತಿ ಸಿಕ್ಕಿದ್ದು 'ಅರ್ಜೆಂಟ್'. ಒಂದು ಕಡೆ 'ಸಾಹೇಬರು ಹೇಳಿದರು' ಅಂತಲೂ ಇತ್ತು. ಅದನ್ನು ಅಳಿಸಲು ಮನಸ್ಸಾಗಲಿಲ್ಲ, ಇನ್ನೂ ಗಿಟ್ ಇತಿಹಾಸದಲ್ಲಿದೆ.

ನಂತರ ಆಡಿಟ್ ಬಂತು. ವಾಹನದ ಎಲೆಕ್ಟ್ರಾನಿಕ್ ಸುರಕ್ಷತೆಗೆ ಐಎಸ್‌ಒ 26262 ಅನ್ನುವ ಮಾನದಂಡವಿದೆ. ಮೊದಲ ಆವೃತ್ತಿ 2011ರದು, ಎರಡನೆಯದು 2018ರದು. ಅದರ 8ನೇ ಭಾಗದಲ್ಲಿ ಬಳಸುವ ಟೂಲ್‌ಗಳನ್ನು ಎಷ್ಟು ನಂಬಬಹುದು ಅಂತ ಲೆಕ್ಕ ಹಾಕುವ ಕ್ರಮ ಕೊಟ್ಟಿದ್ದಾರೆ. ಕಂಪೈಲರ್ ತಪ್ಪಿದರೆ ಕಾರಿಗೆ ಏನಾದೀತು, ಆ ತಪ್ಪು ಮುಂದೆ ಎಲ್ಲಾದರೂ ಸಿಕ್ಕಿಬೀಳುತ್ತದೋ ಇಲ್ಲವೋ, ಇವೆರಡರ ಮೇಲೆ ಅದರ ಮಟ್ಟ ನಿಲ್ಲುತ್ತದೆ. ಆಡಿಟ್‌ಗೆ ಬಂದವರು ಸರಳವಾಗಿ ಕೇಳಿದರು: ಈ ಹೆಕ್ಸ್ ಅನ್ನು ಈಗ ಮತ್ತೆ ಮಾಡಿ ತೋರಿಸಿ. ಮಾಡಿದೆವು. ಕಂಪೈಲರ್ ಆವೃತ್ತಿಯನ್ನು ಟೆಂಪ್ಲೇಟ್ ಮೊದಲೇ ಪರೀಕ್ಷಿಸುತ್ತದೆ, ಬೇರೆ ಇದ್ದರೆ ಶುರುವೇ ಆಗುವುದಿಲ್ಲ. ಆದರೂ ಎರಡು ಹೆಕ್ಸ್ ಒಂದೇ ಇರಲಿಲ್ಲ.

ಕಾರಣ ಮೂರು ಸಿಕ್ಕವು. ಕೋಡಿನಲ್ಲಿ ಎಲ್ಲೋ ಡೇಟ್, ಟೈಮ್ ಮ್ಯಾಕ್ರೋ ಬಳಸಿದ್ದರು, ಹಾಗಾಗಿ ಬಿಲ್ಡ್ ಮಾಡಿದ ಗಳಿಗೆ ಹೆಕ್ಸ್ ಒಳಗೆ ಹೋಗುತ್ತಿತ್ತು. ತಪ್ಪಾದ ಜಾಗ ಹೇಳುವ ಅಸರ್ಟ್ ಸಾಲುಗಳು ಫೈಲಿನ ಪೂರ್ತಿ ಹಾದಿಯನ್ನು, ಅಂದರೆ ಬಿಲ್ಡ್ ಮಾಡಿದವರ ಯೂಸರ್ ಹೆಸರನ್ನೂ ಸೇರಿಸಿ, ಚಿಪ್‌ನಲ್ಲಿ ಬರೆಯುತ್ತಿದ್ದವು. ಮೂರನೆಯದು ಒಂದು ಹಳೆಯ ಸ್ಕ್ರಿಪ್ಟ್, ಅದು ಆಬ್ಜೆಕ್ಟ್ ಫೈಲುಗಳನ್ನು ಡಿಸ್ಕ್ ಕೊಟ್ಟ ಕ್ರಮದಲ್ಲೇ ಲಿಂಕರ್‌ಗೆ ಕೊಡುತ್ತಿತ್ತು. ಮೊದಲನೆಯದಕ್ಕೆ ಜಿಸಿಸಿಯಲ್ಲಿ ಎಚ್ಚರಿಕೆಯಿದೆ, ಅದನ್ನು ದೋಷ ಅಂತ ಮಾಡಿದೆ. ಎರಡನೆಯದಕ್ಕೆ ಹಾದಿಯ ಮುಂಭಾಗವನ್ನು ಕತ್ತರಿಸುವ ಆಯ್ಕೆ ಜಿಸಿಸಿ 8ರಿಂದ ಇದೆ. ಮೂರನೆಯದಕ್ಕೆ ಸುಮ್ನೆ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿದರೆ ಸಾಕಾಯಿತು. ಎರಡು ಬೇರೆ ಕಂಪ್ಯೂಟರಿನ ಹೆಕ್ಸ್‌ಗಳು ಮೊದಲ ಸಲ ಬೈಟ್‌ಗೆ ಬೈಟ್ ಹೊಂದಿದಾಗ ರಾತ್ರಿ ಹತ್ತೂವರೆ. ಆಫೀಸಿನಲ್ಲಿ ನಾನು ಮತ್ತು ಸೆಕ್ಯೂರಿಟಿಯವರು ಇಬ್ಬರೇ. ಅವರಿಗೇ ತೋರಿಸಿದೆ.

ಸಣ್ಣಪುಟ್ಟವು ಇನ್ನೂ ಇವೆ. ನಮ್ಮ ಒಂದು ಚಿಪ್‌ನಲ್ಲಿ ಕೋಡ್ ಕೂರುವ ಫ್ಲ್ಯಾಶ್ ಮೆಮೊರಿ 512 ಕೆಬಿ. ಅದರ 90 ಶೇಕಡಾ ದಾಟಿದರೆ ಬಿಲ್ಡ್ ನಿಲ್ಲುತ್ತದೆ, ಯಾಕೆಂದರೆ ಕೊನೆಯ ವಾರದಲ್ಲಿ ಬರುವ 'ಸಣ್ಣ' ಬದಲಾವಣೆಗೆ ಜಾಗ ಬೇಕು. ಇನ್ನೊಂದು ಚಿಪ್‌ಗೆ ದುಡ್ಡು ಕೊಟ್ಟು ಕೊಂಡ ಕಂಪೈಲರ್, ಇಡೀ ಆಫೀಸಿಗೆ ನಾಲ್ಕೇ ಲೈಸೆನ್ಸ್. ನಿಂಜಾ ಎಂಟು ಕೋರ್ ಕಂಪ್ಯೂಟರಿನಲ್ಲಿ ತಾನಾಗಿಯೇ ಹತ್ತು ಕೆಲಸ ಒಟ್ಟಿಗೆ ಓಡಿಸುತ್ತದೆ. ಒಬ್ಬರು ಬಿಲ್ಡ್ ಒತ್ತಿದರೆ ನಾಲ್ಕೂ ಲೈಸೆನ್ಸ್ ನುಂಗಿ, ಉಳಿದವರೆಲ್ಲ ಕಾಯಬೇಕು. ಸಂಜೆ ಆರಕ್ಕೆ ಕಂಪನಿ ಬಸ್ ಬೇರೆ. ಒಟ್ಟಿಗೆ ಎಷ್ಟು ಕೆಲಸ ಓಡಬಹುದು ಅಂತ ಮಿತಿ ಹಾಕಲು ನಿಂಜಾದಲ್ಲಿ ಪೂಲ್ ಅಂತ ಇದೆ. ಆ ಕಂಪೈಲರಿಗೆ ಒಬ್ಬೊಬ್ಬರಿಗೆ ಒಂದೇ ಅಂತ ಮಿತಿ ಹಾಕಿದೆ. ಬಿಲ್ಡ್ ನಿಧಾನವಾಯಿತು, ಜಗಳ ನಿಂತಿತು.

ಇಷ್ಟೆಲ್ಲ ಆದರೂ ಒಂದು ಪ್ರಾಜೆಕ್ಟ್ ಹೊರಗೇ ಉಳಿದಿದೆ. ಹಳೆಯ ಮಾಡೆಲ್ ಕಾರು, ಈಗ ಬಿಡಿಭಾಗಕ್ಕೆ ಮಾತ್ರ ಯೂನಿಟ್ ಹೋಗುತ್ತದೆ. ಅದು ಬಿಲ್ಡ್ ಆಗುವುದು ಲ್ಯಾಬಿನ ಮೂಲೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ಮಾತ್ರ. ಅದರ ಮೇಲೆ 'ಬಂದ್ ಕರೂ ನಕಾ' (ಬಂದ್ ಮಾಡಬೇಡಿ) ಅಂತ ಮರಾಠಿ ಚೀಟಿ ಅಂಟಿಸಿದ್ದಾರೆ. ಅದನ್ನು ಟೆಂಪ್ಲೇಟಿಗೆ ತರಲು ಯಾರೂ ದುಡ್ಡು ಕೊಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಎಸಿಯ ನೀರು ಅದರ ಹತ್ತಿರ ಸೋರಿತು. ಹುಬ್ಬಳ್ಳಿಯ ಸರ್ ಕೆಳಗಿನ ಕಟ್ಟಡ ಕೆಲಸದ ಜಾಗದಿಂದ ಎರಡು ಇಟ್ಟಿಗೆ ತಂದು ಕಂಪ್ಯೂಟರನ್ನು ಅವುಗಳ ಮೇಲೆ ಕೂರಿಸಿದ್ದಾರೆ.