ಎದುರಾಳಿಯ ಬಲವನ್ನು ಲೆಕ್ಕಕ್ಕೆ ಹಿಡಿದು ರಕ್ಷಣೆಯನ್ನು ಅಳೆಯುವ ಬಗೆ

ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಂಥ ನಾಕೌಟ್ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಎದುರಾಳಿಗಳು ಸಿಗುವುದಿಲ್ಲವಾದ್ದರಿಂದ, ಬಿಟ್ಟುಕೊಟ್ಟ ಗೋಲುಗಳನ್ನಷ್ಟೇ ಎಣಿಸಿ ರಕ್ಷಣೆಯನ್ನು ಅಳೆಯುವುದು ನ್ಯಾಯವಲ್ಲ. ಮೊದಲು ಪ್ರತಿ ಎದುರಾಳಿಯು ಉಳಿದ ಪಂದ್ಯಗಳಲ್ಲಿ ಗಳಿಸಿದ ಗೋಲುಗಳ ಸರಾಸರಿಯನ್ನು ತೆಗೆಯಿರಿ. ನಿಮ್ಮೊಂದಿಗಿನ ಪಂದ್ಯವನ್ನು ಇದರಲ್ಲಿ ಸೇರಿಸಲೇಬಾರದು, ಸೇರಿಸಿದರೆ ನಿಮ್ಮ ಉತ್ತಮ ರಕ್ಷಣೆಯೇ ಎದುರಾಳಿಯನ್ನು ದುರ್ಬಲವೆಂದು ತೋರಿಸಿಬಿಡುತ್ತದೆ. ಆ ಸರಾಸರಿಗಳನ್ನು ಕೂಡಿಸಿ, ನೀವು ಬಿಟ್ಟುಕೊಟ್ಟ ಒಟ್ಟು ಗೋಲುಗಳನ್ನು ಆ ಮೊತ್ತದಿಂದ ಭಾಗಿಸಿ. ಸರಾಸರಿ 4 ಮತ್ತು 3 ಗೋಲು ಹೊಡೆಯುವ ತಂಡಗಳಿಗೆ ಒಟ್ಟು 4 ಗೋಲು ಬಿಟ್ಟವರ ಅನುಪಾತ 0.57, ಸರಾಸರಿ ಒಂದೊಂದೇ ಗೋಲು ಹೊಡೆಯುವ ಎರಡು ತಂಡಗಳಿಗೆ 2 ಗೋಲು ಬಿಟ್ಟವರದು 1. ಹೆಚ್ಚು ಗೋಲು ಬಿಟ್ಟಿದ್ದರೂ ಅನುಪಾತ ಕಡಿಮೆಯಿರುವ ಮೊದಲಿನವರ ರಕ್ಷಣೆಯೇ ಈ ಅಳತೆಯಲ್ಲಿ ಮೇಲು. ಮೊದಲ ಸುತ್ತಿನಲ್ಲೇ ಸೋತ ಎದುರಾಳಿಗೆ ಬೇರೆ ಪಂದ್ಯಗಳೇ ಇರುವುದಿಲ್ಲ. ಅಂಥ ಪಂದ್ಯವನ್ನು ಲೆಕ್ಕದಿಂದ ಕೈಬಿಡಿ.